ಸಬ್ಬಸಿಗೆ ಸೊಪ್ಪು, ಕೆರೆ ಮೀನು

ಶಾಲೆ ತೆರೆದು ಎರಡು ವಾರವಾಗಿತ್ತು. ಮುಂಗಾರಿನ ಮೊದಲ ಮಳೆ ಬಿದ್ದು, ಮೀನು ಹೊಸ ನೀರಿಗೆ ಎದುರಾಗಿ ಹಳ್ಳದಿಂದ ಗದ್ದೆಗೆ ಹತ್ತುವ ಕಾಲ. ನಮ್ಮ ಕಡೆ ಅದಕ್ಕೆ ಹತ್ತುಮೀನು ಎಂದೇ ಹೆಸರು. ಮಧ್ಯಾಹ್ನ ಬಿಸಿಯೂಟದ ಸಾಲಿನ ಪಕ್ಕ ನಾನು ನಡೆದುಹೋಗುವಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ತಟ್ಟೆಯ ಬದಿಯಲ್ಲಿದ್ದ ಸಣ್ಣ ಡಬ್ಬಿಯ ಮುಚ್ಚಳವನ್ನು ಪಟಕ್ಕನೆ ಹಾಕಿದಳು. ಸಾಲದೆಂದು ಮೇಲೆ ಕರ್ಚೀಫನ್ನೂ ಹೊದಿಸಿದಳು. ಹುರಿದ ಮೀನಿನ ವಾಸನೆಗೆ ಮುಚ್ಚಳ ಎಲ್ಲಿಯ ತಡೆ? ನಾನು ಏನೂ ಕಾಣದವಳಂತೆ ಮುಂದೆ ಹೋದೆ. ಆದರೆ ಆ ಕೈಯ ಅವಸರ ಮಾತ್ರ ನನ್ನನ್ನು ಬಿಡಲಿಲ್ಲ. ಅದು ನನ್ನದೇ ಕೈಯಾಗಿತ್ತು.

ನಾನು ಹುಟ್ಟಿದ್ದು ಸೊರಬ ತಾಲ್ಲೂಕಿನ ಹಳ್ಳಿಯಲ್ಲಿ. ಬೇಸಿಗೆಯಲ್ಲಿ ಕೆರೆಯ ನೀರು ತಗ್ಗಿದಾಗ ಊರಿನವರು ದಿನ ಗೊತ್ತುಮಾಡಿ ಕೆರೆ ಬೇಟೆ ಇಡುತ್ತಿದ್ದರು. ಬಿದಿರಿನ ಕೂಣಿ ಹಿಡಿದು ನೂರಾರು ಜನ ಒಟ್ಟಿಗೆ ನೀರಿಗಿಳಿಯುವುದು, ಕೂಣಿಯನ್ನು ಕೆಸರಿಗೆ ಒತ್ತಿ, ಮೇಲಿನ ಬಾಯಿಂದ ಕೈಯಿಳಿಸಿ ಒಳಗೆ ಸಿಕ್ಕ ಮೀನನ್ನು ಎತ್ತುವುದು, ದಡದಲ್ಲಿ ನಿಂತ ನಾವು ಮಕ್ಕಳು ಕೂಗುವುದು, ಎಲ್ಲ ಜಾತ್ರೆಯ ಹಾಗೆ. ಅಲ್ಲಿ ಮೀನೆಂದರೆ ಹಬ್ಬ. ಮದುವೆಯಾಗಿ ಶಿಕಾರಿಪುರಕ್ಕೆ ಬಂದ ಮೇಲೆ ಅದೇ ಮೀನು ಗುಟ್ಟಾಯಿತು. ಬಾಡಿಗೆ ಮನೆ ಹುಡುಕುವಾಗ ಮನೆಯೊಡತಿಯೊಬ್ಬರು, "ಟೀಚರಮ್ಮ, ನೀವು ಒಳ್ಳೆಯವರೇ. ಆದರೆ ವಾಸನೆ ಆಗೋದು ಮಾಡಬಾರದು" ಎಂದರು. ಆ ಮನೆಯಲ್ಲಿದ್ದ ನಾಲ್ಕು ವರ್ಷ, ಮೀನು ತಿನ್ನಬೇಕೆಂದರೆ ಬಸ್ಸು ಹತ್ತಿ ತವರಿಗೆ ಹೋಗುತ್ತಿದ್ದೆ.

ಇದನ್ನೆಲ್ಲ ಮತ್ತೆ ಕೆದಕಿದವನು ನನ್ನ ಅಕ್ಕನ ಮಗ. ಅವನು ರಷ್ಯಾದ ತ್ವೇರ್ ಎಂಬ ಊರಿನಲ್ಲಿ ವೈದ್ಯಕೀಯ ಓದಿ ಬಂದವನು. "ಅಲ್ಲಿ ಊಟಕ್ಕೆ ಏನು ಮಾಡ್ತಿದ್ದೆಯೋ?" ಎಂದರೆ, "ಚಿಕ್ಕಮ್ಮ, ಅಲ್ಲಿ ಎಲ್ಲದಕ್ಕೂ ಸಬ್ಬಸಿಗೆ ಸೊಪ್ಪು. ಸಾರಿಗೆ ಸಬ್ಬಸಿಗೆ, ಆಲೂಗಡ್ಡೆಗೆ ಸಬ್ಬಸಿಗೆ, ಮೀನಿನ ಕಟ್ಲೆಟ್ಟಿಗೂ ಸಬ್ಬಸಿಗೆ" ಎಂದ. ನನಗೆ ನಗು ಬಂತು. ನಾವು ಚಿಕ್ಕವರಿದ್ದಾಗ 'ಸೋವಿಯತ್ ಲ್ಯಾಂಡ್' ಪತ್ರಿಕೆಯ ನುಣುಪು ಹಾಳೆಗಳನ್ನು ನೋಟ್‌ಬುಕ್ಕಿಗೆ ರಟ್ಟು ಹಾಕುತ್ತಿದ್ದೆವು. ಆ ಹಾಳೆಗಳಲ್ಲಿ ಕಂಡ ಹಿಮದ ನಾಡಿಗೂ ನಮ್ಮ ಹಿತ್ತಲಿಗೂ ಒಂದೇ ಸೊಪ್ಪು! ನಾವು ಅಕ್ಕಿರೊಟ್ಟಿಗೆ, ಅಂಬೊಡೆಗೆ ಹಾಕುವುದನ್ನು ಅವರು ಉಕ್ರೋಪ್ ಎಂದು ಕರೆದು ಮೀನಿಗೆ ಹಾಕುತ್ತಾರೆ.

ಆ ಜನಕ್ಕೆ ಮೀನು ಇಷ್ಟು ಹತ್ತಿರವಾದದ್ದಕ್ಕೆ ಕಾರಣಗಳಿವೆ. ಅವರ ಕ್ರೈಸ್ತ ಸಂಪ್ರದಾಯದಲ್ಲಿ ವರ್ಷದ ಅರ್ಧಕ್ಕಿಂತ ಹೆಚ್ಚು ದಿನ ಮಾಂಸ ವರ್ಜ್ಯ. ಅಂಥ ಕೆಲವು ದಿನಗಳಲ್ಲಿ ಮೀನಿಗೆ ಮಾತ್ರ ಅಪ್ಪಣೆ ಉಂಟು. ವೋಲ್ಗಾದಂಥ ನದಿಗಳ ಪೈಕ್ ಮೀನಿಗೆ ಸಣ್ಣ ಮುಳ್ಳು ಬಹಳ. ಹಾಗಾಗಿ ಅದನ್ನು ಅರೆದು, ಹಾಲಿನಲ್ಲಿ ನೆನೆಸಿದ ಹಳೇ ಬ್ರೆಡ್ಡು, ಈರುಳ್ಳಿ, ಕಾಳುಮೆಣಸು ಸೇರಿಸಿ ತಟ್ಟಿ ಕರಿಯುವುದು ವಾಡಿಕೆ. ಮಾಂಸದ ಕೊರತೆ ಬಂದ 1932ರಲ್ಲಿ ಸೋವಿಯತ್ ಸರ್ಕಾರ ಸಾರ್ವಜನಿಕ ಭೋಜನಶಾಲೆಗಳಲ್ಲಿ 'ಮೀನಿನ ದಿನ' ಜಾರಿಗೆ ತಂದಿತು. 1976ರಲ್ಲಿ ಗುರುವಾರವೇ ಆ ದಿನವೆಂದು ಗೊತ್ತಾಯಿತು. ನಮ್ಮಲ್ಲಿ ಸೋಮವಾರ ಬೇಡ, ಶನಿವಾರ ಬೇಡ ಎಂದು ಮೀನಿಗೆ ದಿನ ಕಳೆಯುತ್ತೇವೆ. ಅಲ್ಲಿ ಸರ್ಕಾರವೇ ದಿನ ಕೊಟ್ಟಿತ್ತು!

ಅಕ್ಕನ ಮಗ ಇನ್ನೊಂದು ಫೋಟೋ ತೋರಿಸಿದ. ವೋಲ್ಗಾ ದಡದಲ್ಲಿ ಒಂದು ವಿಗ್ರಹ, ಅದರ ಕೆಳಗೆ ಇವನು. ಅದು 1955ರಲ್ಲಿ ನಿಲ್ಲಿಸಿದ ಅಫನಾಸಿ ನಿಕಿತಿನ್‌ನ ವಿಗ್ರಹ. ಬಹಮನಿ ಸುಲ್ತಾನರ ಕಾಲದಲ್ಲಿ, 1470ರ ಆಸುಪಾಸಿನಲ್ಲಿ, ನಮ್ಮ ಬೀದರಿಗೆ ಬಂದು ಕುದುರೆ ಮಾರಿದ ತ್ವೇರ್‌ನ ವ್ಯಾಪಾರಿ ಅವನು. ಬರುವ ದಾರಿಯಲ್ಲೇ ದರೋಡೆಯಾಗಿ, ಧರ್ಮಪುಸ್ತಕಗಳೂ ಹೋಗಿ, ತನ್ನ ಹಬ್ಬ ಉಪವಾಸಗಳ ಲೆಕ್ಕ ತಪ್ಪಿ ಪರದಾಡಿದ. ತಿರುಗಿ ಹೋಗುವಾಗ ಊರು ಮುಟ್ಟುವ ಮುನ್ನವೇ ತೀರಿಕೊಂಡ. ಅವನ ಬರಹ ಮಾತ್ರ ಉಳಿಯಿತು. ಇಲ್ಲಿನವರು ತುಪ್ಪ ಹಾಕಿದ ಕಿಚಡಿ ಉಣ್ಣುವುದನ್ನೂ, ಒಬ್ಬರೊಡನೊಬ್ಬರು ಕೂತು ಉಣ್ಣದಿರುವುದನ್ನೂ ಅವನು ಗಮನಿಸಿದ್ದಾನೆ. ಊಟವನ್ನು ಪರಮತದವರು ನೋಡಬಾರದೆಂದು ಬಟ್ಟೆ ಮುಚ್ಚಿಕೊಂಡು ಉಣ್ಣುತ್ತಾರೆ ಎಂದೂ ಬರೆದಿದ್ದಾನೆ.

ಆ ಸಾಲಿಗೆ ಬಂದಾಗ ನನಗೆ ಹುಡುಗಿಯ ಕರ್ಚೀಫು ನೆನಪಾಯಿತು. ಐನೂರೈವತ್ತು ವರ್ಷವಾದರೂ ನಾವು ಆ ಬಟ್ಟೆಯನ್ನು ಮಡಚಿಟ್ಟಿಲ್ಲ. ಕಾರಣ ಮಾತ್ರ ಬದಲಾಗಿದೆ. ಅಂದು ಮುಚ್ಚಿದವರಿಗೆ ತಮ್ಮ ಅನ್ನ ಮೈಲಿಗೆಯಾದೀತೆಂಬ ಭಯ. ಇಂದು ಮುಚ್ಚುವವಳಿಗೆ ತನ್ನ ಅನ್ನವೇ ಮೈಲಿಗೆ ಎನಿಸಿಕೊಂಡೀತೆಂಬ ಭಯ.

ಹಾಗಾದರೆ ಮೀನು ಈ ಮಣ್ಣಿಗೆ ಹೊರಗಿನದೇ? ಪಾಠ ಹೇಳುವವಳಾಗಿ ನನಗೆ ಗೊತ್ತಿರುವುದು ಬೇರೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಗೆ ನಾವು ಮಕ್ಕಳನ್ನು ಪ್ರವಾಸ ಕರೆದೊಯ್ದು ಕೇದಾರೇಶ್ವರ ಗುಡಿ ತೋರಿಸುತ್ತೇವೆ. ಆ ಬಳ್ಳಿಗಾವಿಯನ್ನು ಆಳಿದ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1130ರ ಸುಮಾರಿಗೆ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥ ಬರೆದ. ಅದರಲ್ಲಿ ಗಾಳ ಹಾಕಿ ಮೀನು ಹಿಡಿಯುವ ವಿನೋದಕ್ಕೇ ಒಂದು ಅಧ್ಯಾಯವಿದೆ, ಸುಮಾರು 35 ಬಗೆಯ ಮೀನುಗಳ ಹೆಸರಿದೆ. ಅನ್ನಭೋಗದ ಭಾಗದಲ್ಲಿ ಮೀನಿನ ಅಡುಗೆಯೂ ಇದೆ. 16ನೇ ಶತಮಾನದ ಮಂಗರಸನ 'ಸೂಪಶಾಸ್ತ್ರ' ಶುದ್ಧ ಸಸ್ಯಾಹಾರದ್ದು. ಅದೂ ನಮ್ಮದೇ, ಇದೂ ನಮ್ಮದೇ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿದರೆ ಅದು ಅರ್ಧ ಚರಿತ್ರೆ.

ಮುಂದಿನ ಭಾನುವಾರ ನಾನೂ ಅಕ್ಕನ ಮಗನೂ ಸೇರಿ ಮೀನಿನ ವಡೆ ಮಾಡಿದೆವು. ನಮ್ಮ ಕೆರೆಯ ಕಾಟ್ಲಾ, ರೋಹುಗಳಿಗೂ ಆ ಪೈಕಿನ ಹಾಗೆ ಮುಳ್ಳಿನ ಕಾಟ. ಅದಕ್ಕೇ ಮೀನನ್ನು ಅರಿಶಿನ, ಉಪ್ಪು ಹಾಕಿ ಬೇಯಿಸಿ, ಆರಿದ ಮೇಲೆ ಬೆರಳಲ್ಲಿ ಪುಡಿಮಾಡಿ ಮುಳ್ಳು ಆರಿಸಬೇಕು. ಈ ಕೆಲಸಕ್ಕೆ ತಾಳ್ಮೆ ಬೇಕು, ಕನ್ನಡಕವೂ ಬೇಕು. ಅರ್ಧ ಕಿಲೋ ಮೀನಿಗೆ ಹಾಲಲ್ಲಿ ನೆನೆಸಿ ಹಿಂಡಿದ ಎರಡು ಬ್ರೆಡ್ಡು, ಸಣ್ಣಗೆ ಹೆಚ್ಚಿದ ಒಂದು ಈರುಳ್ಳಿ, ಒಂದು ಹಿಡಿ ಸಬ್ಬಸಿಗೆ ಸೊಪ್ಪು, ಕುಟ್ಟಿದ ಕಾಳುಮೆಣಸು, ಒಂದು ಮೊಟ್ಟೆ. ಹಸಿಮೆಣಸಿನಕಾಯಿ ರಷ್ಯಾದ್ದಲ್ಲ, ಅದು ನನ್ನದು. ತಟ್ಟಿ, ಅಕ್ಕಿಹಿಟ್ಟಿನಲ್ಲಿ ಹೊರಳಿಸಿ, ಕಾವಲಿಯ ಮೇಲೆ ಎಣ್ಣೆ ಬಿಟ್ಟು ಎರಡೂ ಬದಿ ಕೆಂಪಗೆ ಬೇಯಿಸಿದೆವು. ಅವರು ಹುಳಿಗೆನೆ ಹಚ್ಚಿಕೊಳ್ಳುತ್ತಾರಂತೆ, ನಾವು ಗಟ್ಟಿ ಮೊಸರು ಹಚ್ಚಿಕೊಂಡೆವು. ಸಬ್ಬಸಿಗೆಯ ಘಮ ಮೀನಿನ ವಾಸನೆಯನ್ನು ಅಡಗಿಸುವುದಿಲ್ಲ, ಅದರ ಜೊತೆ ಹೊಂದಿಕೊಳ್ಳುತ್ತದೆ. ನನಗೆ ಹಿಡಿಸಿದ್ದು ಅದೇ.

ಸೋಮವಾರ ಬೇಡವೆಂದು ಇನ್ನೊಮ್ಮೆ ಮಾಡಿ ಬುಧವಾರ ಡಬ್ಬಿಗೆ ಹಾಕಿಕೊಂಡು ಹೋದೆ. ಮೂವತ್ತು ವರ್ಷದ ನೌಕರಿಯಲ್ಲಿ ಇದೇ ಮೊದಲು. ಸ್ಟಾಫ್ ರೂಮಿನಲ್ಲಿ ಮುಚ್ಚಳ ತೆಗೆಯುವಾಗ ಎದೆ ಹೊಡೆದುಕೊಂಡಿತು. ಪಕ್ಕದ ಗಣಿತದ ಮೇಡಂ, "ಸಬ್ಬಸಿಗೆ ವಡೆನಾ ಅಕ್ಕಾ?" ಎಂದರು. "ಹೌದು. ಒಳಗೆ ಮೀನೈತೆ" ಎಂದೆ. ಒಂದು ಕ್ಷಣ ಸುಮ್ಮನಿದ್ದರು. "ನಂಗೆ ಬೇಡ. ಆದ್ರೆ ಘಮ ಚೆನ್ನಾಗೈತೆ" ಎಂದು ತಮ್ಮ ಡಬ್ಬಿ ಬಿಚ್ಚಿದರು. ಕುರ್ಚಿ ಸರಿಸಲಿಲ್ಲ. ನನಗೆ ಅಷ್ಟು ಸಾಕಾಗಿತ್ತು.

ಅಷ್ಟರಲ್ಲಿ ಆ ಹುಡುಗಿಯೇ ನೋಟ್‌ಬುಕ್ಕಿನ ಕಟ್ಟು ಹೊತ್ತು ಒಳಗೆ ಬಂದಳು. ಮೇಜಿನ ಮೇಲಿಟ್ಟು ಡಬ್ಬಿ ನೋಡಿದಳು, ನನ್ನ ಮುಖ ನೋಡಿದಳು. ಮೂಗಿಗೆ ಎಲ್ಲ ತಿಳಿದಿತ್ತು.

"ಅಕ್ಕೋರೇ, ನಮ್ಮನೇಲಿ ಮೀನಿಗೆ ಸಬ್ಬಸಿಗೆ ಹಾಕಲ್ಲ."

"ಒಂದ್ಸಲ ಹಾಕಿ ನೋಡು ಅಂತ ನಿಮ್ಮವ್ವಂಗೆ ಹೇಳು" ಎಂದೆ.