ಗಟ್ಟಿ ಸ್ಪ್ರಿಂಗ್ ಹಾಕಿಸಿದರೆ ಕಾರಿನ ಕುಲುಕಾಟ ನಿಲ್ಲುತ್ತದೆಯೇ?
ಲಕ್ಕುಂಡಿಯ ಸುತ್ತಮುತ್ತ ಎರೆಭೂಮಿ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಇಂಥ ನೆಲದ ಮೇಲಿನ ಡಾಂಬರು ರಸ್ತೆ ಅಲೆಅಲೆಯಾಗಲು ಇದೊಂದು ಮುಖ್ಯ ಕಾರಣ. ಐದು ಜನ ಕೂತ ಕಾರು ಅಲ್ಲಿ ತಳ ಬಡಿದರೆ ಸಿಗುವ ಸಲಹೆ: ಗಟ್ಟಿ ಸ್ಪ್ರಿಂಗ್ ಹಾಕಿಸಿ.

ತಳ ಬಡಿಯುವುದು ಕಡಿಮೆಯಾಗುತ್ತದೆ, ನಿಜ. ಆದರೆ ಕುಲುಕಾಟ ನಿಲ್ಲಿಸುವುದು ಸ್ಪ್ರಿಂಗಿನ ಕೆಲಸವಲ್ಲ. ಒತ್ತಿದ ಸ್ಪ್ರಿಂಗ್ ತಾನು ನುಂಗಿದ ಶಕ್ತಿಯನ್ನು ಹಿಂದಿರುಗಿಸುತ್ತದೆ. ಅದನ್ನು ಬಿಸಿಯಾಗಿ ಕಳೆಯುವುದು ಶಾಕ್ ಅಬ್ಸಾರ್ಬರ್: ಒಳಗಿನ ಎಣ್ಣೆ ಸಣ್ಣ ಕಿಂಡಿಗಳಲ್ಲಿ ನುಸುಳುವಾಗ ತಡೆ ಹುಟ್ಟುತ್ತದೆ.

ಈ ತಡೆ ಎಷ್ಟು ಹೆಚ್ಚಬೇಕು? ಕಾರಿನ ತೂಕ ಅಷ್ಟೇ ಇದ್ದರೆ, ಸ್ಪ್ರಿಂಗ್ ಹೆಚ್ಚಿದ್ದರ ವರ್ಗಮೂಲದಷ್ಟು. ಸ್ಪ್ರಿಂಗ್ 1.44 ಪಟ್ಟು ಗಟ್ಟಿಯಾದರೆ ತಡೆ 1.2 ಪಟ್ಟು ಸಾಕು. ಹಳೆಯ ಶಾಕನ್ನೇ ಬಿಟ್ಟರೆ, ಸೆಕೆಂಡಿಗೆ 1.2 ಸಲ ಮೇಲೆ ಕೆಳಗೆ ಆಡುತ್ತಿದ್ದ ಕಾರು ಸುಮಾರು 1.4 ಸಲ ಆಡುತ್ತದೆ. 12 ಮೀಟರಿಗೊಂದು ಉಬ್ಬಿರುವ ದಾರಿಯಲ್ಲಿ 60 ಕಿ.ಮೀ. ವೇಗದಲ್ಲಿ ಹೋದರೆ ಉಬ್ಬುಗಳೂ ಸೆಕೆಂಡಿಗೆ ಅಷ್ಟೇ ಸಲ ಸಿಗುತ್ತವೆ! ಆಗ ಕುಲುಕಾಟ ಬೆಳೆಯುತ್ತದೆ, ಟೈರಿನ ಹಿಡಿತ ಏರಿಳಿಯುತ್ತದೆ, ಬ್ರೇಕ್ ಹಿಡಿದರೆ ಕಾರು ಇನ್ನಷ್ಟು ದೂರ ಹೋಗಿ ನಿಲ್ಲುತ್ತದೆ.

ಹೆಚ್ಚಿಸಬೇಕಾದದ್ದು ಮುಖ್ಯವಾಗಿ ರಿಬೌಂಡ್, ಅಂದರೆ ಸ್ಪ್ರಿಂಗ್ ಬಿಚ್ಚಿಕೊಳ್ಳುವಾಗಿನ ತಡೆ. ಅದೂ ಅತಿಯಾದರೆ ಕಷ್ಟವೇ: ಮುಂದಿನ ಉಬ್ಬು ಬರುವ ಮೊದಲು ಚಕ್ರ ಕೆಳಗಿಳಿಯದೆ, ಕಾರು ಕುಗ್ಗುತ್ತಾ ಹೋಗಿ ಮತ್ತೆ ತಳ ಬಡಿಯುತ್ತದೆ. ಆದ್ದರಿಂದ ಸ್ಪ್ರಿಂಗ್ ಕೊಳ್ಳುವಾಗಲೇ ಅದಕ್ಕೆ ಹೊಂದುವ ಶಾಕ್ ಯಾವುದೆಂದು ಕೇಳಿ. ಹಳೆಯದರಲ್ಲಿ ಎಣ್ಣೆ ಸೋರುತ್ತಿದ್ದರೆ ಮೊದಲು ಅದನ್ನು ಬದಲಿಸಿ ನೋಡಿ. ಸ್ಪ್ರಿಂಗಿನ ಖರ್ಚೇ ಉಳಿದೀತು.