ಉದ್ದಿಮೆ ಮತ್ತು ನಿಸರ್ಗ ರಕ್ಷಣೆ: ಯಾದಗಿರಿ ಜಿಲ್ಲೆ

ಕಂಪನಿಗಳು ನೆಲ, ನೀರು, ಗಾಳಿಯ ಕಾಳಜಿಯನ್ನು ತಮ್ಮ ವ್ಯವಹಾರದ ಲೆಕ್ಕಾಚಾರದೊಳಗೆ ಎಷ್ಟರ ಮಟ್ಟಿಗೆ ತಂದುಕೊಂಡಿವೆ ಎಂಬ ಪ್ರಶ್ನೆ ಯಾದಗಿರಿ ಸೀಮೆಯಲ್ಲಿ ಮೊದಲು ನೀರಿನ ಪ್ರಶ್ನೆಯೇ. ಶಹಾಪುರ, ಸುರಪುರಗಳು ಕೃಷ್ಣಾ–ಭೀಮಾ ನದಿಗಳ ನಡುವಿನ ಎರೆ ಸೀಮೆಯಲ್ಲಿವೆ. ಯಾದಗಿರಿ ಪಟ್ಟಣ ಭೀಮೆಯ ಆಚೆ ದಡದಲ್ಲಿದೆ. 2009ರ ಡಿಸೆಂಬರ್‌ನಲ್ಲಿ ಗುಲ್ಬರ್ಗದಿಂದ ಬೇರ್ಪಟ್ಟು ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು.

ಕಂಪನಿಗಳು ಬರುವುದಕ್ಕೆ ಬಹಳ ಮೊದಲೇ ಇಲ್ಲಿ ಕೆರೆ ಕಟ್ಟುವ ರೂಢಿ ಬಲವಾಗಿತ್ತು. ಸುರಪುರದ ನಾಯಕ ಅರಸರ ಕಾಲದ ಬೋನಾಳ ಕೆರೆಯನ್ನು 19ನೇ ಶತಮಾನದಲ್ಲಿ ಅಲ್ಲಿ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರ್ ದೊಡ್ಡದು ಮಾಡಿಸಿದ. ಹೊಲಕ್ಕೆ ನೀರು ಕೊಡಲು ಕಟ್ಟಿದ ಆ ಕೆರೆ ಇಂದು ಪಕ್ಷಿಧಾಮ. ನೀರು ನಿಂತಲ್ಲಿ ಹಕ್ಕಿಗಳು ತಾವಾಗಿಯೇ ಬಂದವು.

1964ರಲ್ಲಿ ಅಡಿಗಲ್ಲು ಬಿದ್ದ ಕೃಷ್ಣಾ ಮೇಲ್ದಂಡೆ ಯೋಜನೆ ಈ ಸೀಮೆಯ ಬದುಕನ್ನು ಬುಡಸಮೇತ ಬದಲಿಸಿತು. 1982ರಲ್ಲಿ ಮುಗಿದ ನಾರಾಯಣಪುರ ಅಣೆಕಟ್ಟಿನ ಎಡದಂಡೆ ಕಾಲುವೆ ಜೋಳ, ತೊಗರಿಯ ಹೊಲಗಳಿಗೆ ಭತ್ತವನ್ನು ತಂದಿತು, ಜೊತೆಗೆ ಸವಳು–ಜವಳನ್ನೂ. 1994ರಲ್ಲಿ ಯೋಜನೆಯ ಹೊಣೆ ಕೃಷ್ಣಾ ಭಾಗ್ಯ ಜಲ ನಿಗಮಕ್ಕೆ ಬಂತು. ಇದು ಸರ್ಕಾರದ್ದೇ ಆದರೂ ಕಂಪನಿ ಕಾಯ್ದೆಯಡಿ ನೋಂದಣಿಯಾದ ಸಂಸ್ಥೆ. ಹಾಗಾಗಿ ಈ ಸೀಮೆಯ ನೆಲ–ನೀರಿನ ಮೇಲೆ ಅತಿ ಹೆಚ್ಚು ಪರಿಣಾಮ ಬೀರಿದ ಕಂಪನಿ ಇದೇ ಎನ್ನಬೇಕು. ಎಡದಂಡೆ ಕಾಲುವೆಯ ನವೀಕರಣವನ್ನು 2023ರ ಜನವರಿ 19ರಂದು ಕೊಡೇಕಲ್‌ನಲ್ಲಿ ಪ್ರಧಾನಿ ಉದ್ಘಾಟಿಸಿದರು. ಕಾಲುವೆಯ ಸಾಮರ್ಥ್ಯ 10,000 ಕ್ಯುಸೆಕ್, ಅಚ್ಚುಕಟ್ಟು ಸುಮಾರು 4.5 ಲಕ್ಷ ಹೆಕ್ಟೇರ್. ಗೇಟುಗಳ ನಿಯಂತ್ರಣ ಗಣಕಯಂತ್ರಕ್ಕೆ ಬಂದಿದೆ. ಕಾಲುವೆಯ ತುದಿಯ ರೈತನಿಗೆ ನೀರು ತಲುಪಿತೇ, ಮೇಲಿನವನ ಹೊಲ ಜವಳಾಗದೆ ಉಳಿಯಿತೇ ಎಂಬುದೇ ಅದರ ನಿಜವಾದ ಪರೀಕ್ಷೆ.

ಖಾಸಗಿ ಉದ್ದಿಮೆ ಬಂದದ್ದು ತಡವಾಗಿ. ಇದೇ ಜಿಲ್ಲೆಯ ತುಮಕೂರು ಗ್ರಾಮದ ಸಕ್ಕರೆ ಕಾರ್ಖಾನೆ ಕಬ್ಬಿನ ಸಿಪ್ಪೆ ಸುಟ್ಟು ವಿದ್ಯುತ್ ಮಾಡುವ ಪದ್ಧತಿಯನ್ನು ಅಳವಡಿಸಿಕೊಂಡಿತು. ತ್ಯಾಜ್ಯವೇ ಇಂಧನವಾಗುವುದು ಒಳ್ಳೆಯದೇ, ಆದರೆ ಕಬ್ಬಿನ ಬೆಳೆ ಹೀರುವ ನೀರಿನ ಲೆಕ್ಕವನ್ನೂ ಅದರ ಪಕ್ಕದಲ್ಲೇ ಬರೆದಿಡಬೇಕು. ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪ ಪತ್ತೆಯಾದಾಗ ಗಣಿಗಾರಿಕೆಯ ಪ್ರಸ್ತಾವಕ್ಕೆ ಊರವರು ವಿರೋಧ ಒಡ್ಡಿದರು. ಅವರ ಅಂಜಿಕೆ ಬಾವಿಯ ನೀರಿನದು. ಯಾದಗಿರಿ ತಾಲ್ಲೂಕಿನ ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶಕ್ಕೆ ಮೂರು ಸಾವಿರ ಎಕರೆಗೂ ಹೆಚ್ಚು ಜಮೀನು ಹೋಯಿತು. ಅಲ್ಲಿ ರಾಸಾಯನಿಕ ಮತ್ತು ಔಷಧ ಘಟಕಗಳು ತಲೆಯೆತ್ತಿದ ಮೇಲೆ ಸುತ್ತಲ ಹಳ್ಳಿಗರು ದುರ್ವಾಸನೆ ಮತ್ತು ಹೊಲಸು ನೀರಿನ ಬಗ್ಗೆ ಮತ್ತೆ ಮತ್ತೆ ದೂರಿದ್ದಾರೆ.

ಲೆಕ್ಕ ಕೊಡಿಸುವ ಕಾನೂನು ದೇಶದ ಮಟ್ಟದಲ್ಲಿ ಬೆಳೆದದ್ದು ಇದೇ ಅವಧಿಯಲ್ಲಿ. 2013ರ ಕಂಪನಿ ಕಾಯ್ದೆಯ 135ನೇ ಕಲಂ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕೆಂದಿತು. ಪರಿಸರ ಸಂರಕ್ಷಣೆಯೂ ಆ ಪಟ್ಟಿಯಲ್ಲಿದೆ. 2018ರಲ್ಲಿ ರಾಯಚೂರಿನೊಂದಿಗೆ ಯಾದಗಿರಿಯೂ ಮಹತ್ವಾಕಾಂಕ್ಷೆಯ ಜಿಲ್ಲೆಗಳ ಪಟ್ಟಿ ಸೇರಿದ್ದರಿಂದ ಅಂಥ ಹಣವನ್ನು ಇತ್ತ ತಿರುಗಿಸುವ ಒತ್ತಾಸೆ ಹೆಚ್ಚಿತು. ಆದರೆ ಲಾಭದಲ್ಲೊಂದು ಪಾಲು ಕೊಡುವುದು ಬೇರೆ, ಲಾಭ ಗಳಿಸುವ ಬಗೆಯನ್ನೇ ತಿದ್ದಿಕೊಳ್ಳುವುದು ಬೇರೆ. ಈ ಎರಡನೆಯದನ್ನು ಕೇಳುವುದು ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ಹೊಣೆಗಾರಿಕೆ ಮತ್ತು ಸುಸ್ಥಿರತೆ ವರದಿ. 2022–23ರಿಂದ ಷೇರುಪೇಟೆಯಲ್ಲಿ ಮಾರುಕಟ್ಟೆ ಮೌಲ್ಯದ ಲೆಕ್ಕದಲ್ಲಿ ಮೊದಲ 1,000 ಕಂಪನಿಗಳಿಗೆ ಇದು ಕಡ್ಡಾಯ.

ಈ ವರದಿಯ ಹೆಚ್ಚಿನ ಅಂಕಿಗಳು ಇಡೀ ಕಂಪನಿಯವು. ಬೇರೆ ಬೇರೆ ಊರುಗಳ ಘಟಕಗಳು ಬಳಸಿದ ನೀರು ಒಂದೇ ಮೊತ್ತವಾಗಿ ಕೂಡಿಹೋದರೆ ಕಡೇಚೂರಿನ ಒಂದು ಕೊಳವೆಬಾವಿ ಅದರಲ್ಲಿ ಕಾಣಿಸದು. 2023ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ, ನಿಸರ್ಗ ಸಂಬಂಧಿ ಹಣಕಾಸು ವಿವರಗಳ ಅಂತರರಾಷ್ಟ್ರೀಯ ಕಾರ್ಯಪಡೆಯ ಶಿಫಾರಸುಗಳು ಈ ಕೊರತೆಯನ್ನು ನೇರವಾಗಿ ಮುಟ್ಟುತ್ತವೆ: ಕಂಪನಿ ಮೊದಲು ತಾನು ನಿಸರ್ಗವನ್ನು ತಾಗುವ ಜಾಗವನ್ನು ಗುರುತಿಸಬೇಕು, ಆಮೇಲೆ ಅವಲಂಬನೆ ಮತ್ತು ಹಾನಿಯನ್ನು ಅಳೆಯಬೇಕು. ಇವು ಸ್ವಯಂಪ್ರೇರಿತ ಶಿಫಾರಸುಗಳು. ಷೇರುಪೇಟೆಗೆ ಬಾರದ ಘಟಕಗಳಿಗೆ ಸೆಬಿಯ ನಿಯಮವೂ ನೇರವಾಗಿ ತಟ್ಟುವುದಿಲ್ಲ. ಅಂಥವನ್ನು ಅಳೆಯಲು ಊರವರ ಕೈಗೆ ಸಿಗುವ ಕಾಗದವೆಂದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ ಮತ್ತು ಅದರಲ್ಲಿ ಬರೆದ ಷರತ್ತುಗಳು.