ಪರಿಹಾರ ಶುಶ್ರೂಷೆಯ ಶಿಕ್ಷಣ: ಕ್ರಾಗುಯೆವಾಟ್ಸ್‌ನಿಂದ ಲಂಡನ್‌ವರೆಗೆ

ಪರದೇಶದ ಆಪತ್ತಿನಲ್ಲಿ ಸೇವೆ ಸಲ್ಲಿಸಬೇಕಾದ ದಾದಿಗೆ ಆಸ್ಪತ್ರೆಯ ಶಿಕ್ಷಣವಷ್ಟೇ ಸಾಲದು ಎಂಬ ಅರಿವು ಮೊದಲ ಮಹಾಯುದ್ಧದ ಕಾಲದಲ್ಲಿ ದುಬಾರಿ ಬೆಲೆಗೆ ದೊರೆಯಿತು. 1914–15ರ ಚಳಿಗಾಲದಲ್ಲಿ ಸರ್ಬಿಯಾವನ್ನು ಟೈಫಸ್ ಜ್ವರ ಆವರಿಸಿ, ಒಂದೂವರೆ ಲಕ್ಷದಷ್ಟು ಜನ ಮಡಿದರೆಂದು ಅಂದಾಜಿಸಲಾಗಿದೆ. ಎಲ್ಸಿ ಇಂಗ್ಲಿಸ್ ಸ್ಥಾಪಿಸಿದ ಸ್ಕಾಟಿಷ್ ಮಹಿಳಾ ಆಸ್ಪತ್ರೆಗಳ ತಂಡವೊಂದು 1915ರ ಜನವರಿಯಲ್ಲಿ ಕ್ರಾಗುಯೆವಾಟ್ಸ್ ಪಟ್ಟಣವನ್ನು ತಲುಪಿತು. ಗಾಯಾಳು ಸೈನಿಕರ ಚಿಕಿತ್ಸೆಗೆಂದು ಬಂದಿದ್ದ ಈ ತಂಡಕ್ಕೆ ಎದುರಾದದ್ದು ಸಾಂಕ್ರಾಮಿಕ.

ತಂಡದ ದಾದಿ ಲೂಯಿಸಾ ಜೋರ್ಡನ್ ಅನನುಭವಿಯಲ್ಲ. ಸ್ವದೇಶದಲ್ಲಿ ಜ್ವರಪೀಡಿತರ ಆಸ್ಪತ್ರೆಯಲ್ಲಿ ದುಡಿದಿದ್ದವಳು. ಅದೇ ಪಟ್ಟಣದಲ್ಲಿ ಟೈಫಸ್‌ಗೆ ತುತ್ತಾದ ವೈದ್ಯೆ ಎಲಿಜಬೆತ್ ರಾಸ್‌ಳಿಗೆ ಶುಶ್ರೂಷೆ ಮಾಡಿದ ಆಕೆ, ಮಾರ್ಚ್‌ನಲ್ಲಿ ತಾನೂ ಅದೇ ರೋಗದಿಂದ ತೀರಿಕೊಂಡಳು. ಟೈಫಸ್ ಹೇನಿನಿಂದ ಹರಡುತ್ತದೆ ಎಂಬುದನ್ನು ಚಾರ್ಲ್ಸ್ ನಿಕೋಲ್ 1909ರಲ್ಲಿಯೇ ಟ್ಯೂನಿಸ್‌ನಲ್ಲಿ ತೋರಿಸಿಕೊಟ್ಟಿದ್ದನು. ಆದ್ದರಿಂದ ಕೊರತೆಯಿದ್ದದ್ದು ವಿಜ್ಞಾನದಲ್ಲಿ ಅಲ್ಲ. ಬಟ್ಟೆಗಳ ಹೇನು ನಿವಾರಣೆ, ನೀರಿನ ವ್ಯವಸ್ಥೆ, ಭಾಷೆ ತಿಳಿಯದ ಸಹಾಯಕರಿಗೆ ಕೆಲಸ ಕಲಿಸುವುದು ಇವು ಸುಸಜ್ಜಿತ ವಾರ್ಡಿನಲ್ಲಿ ಪಳಗಿದವರಿಗೆ ಹೊಸ ಹೊಣೆಗಳಾಗಿದ್ದವು. ಕ್ರಾಗುಯೆವಾಟ್ಸ್‌ನಲ್ಲಿ ಆ ಸಹಾಯಕರು ಆಸ್ಟ್ರಿಯದ ಯುದ್ಧಕೈದಿಗಳಾಗಿದ್ದರು!

1919ರಲ್ಲಿ ಪ್ಯಾರಿಸ್‌ನಲ್ಲಿ ರೂಪುಗೊಂಡ ರೆಡ್‌ಕ್ರಾಸ್ ಸಂಘಗಳ ಒಕ್ಕೂಟವು ಈ ಪ್ರಶ್ನೆಗೆ ಬೇರೊಂದು ದಿಕ್ಕಿನಿಂದ ಉತ್ತರ ಹುಡುಕಿತು. ಪರಿಹಾರಕ್ಕಾಗಿ ದಾದಿಯರನ್ನು ಕಳುಹಿಸುವುದರ ಜೊತೆಗೆ, ವಿವಿಧ ದೇಶಗಳ ದಾದಿಯರನ್ನೇ ಕರೆಸಿ ಕಲಿಸಿ ಹಿಂದಿರುಗಿಸುವುದು ಅದರ ಕ್ರಮವಾಗಿತ್ತು. 1920ರಲ್ಲಿ ಲಂಡನ್‌ನಲ್ಲಿ ಆರಂಭವಾದ, ಮುಂದೆ ಬೆಡ್‌ಫರ್ಡ್ ಕಾಲೇಜಿನಲ್ಲಿ ನಡೆದ ಅಂತಾರಾಷ್ಟ್ರೀಯ ತರಗತಿಯಲ್ಲಿ ಸಾರ್ವಜನಿಕ ಆರೋಗ್ಯ ಶುಶ್ರೂಷೆಗೆ ಪ್ರಾಧಾನ್ಯವಿತ್ತು. ಬೇರೆ ಬೇರೆ ದೇಶದ ವಿದ್ಯಾರ್ಥಿನಿಯರು ಮ್ಯಾಂಚೆಸ್ಟರ್ ಸ್ಕ್ವೇರಿನ ಒಂದೇ ಮನೆಯಲ್ಲಿ ವಾಸಿಸುತ್ತಿದ್ದರು. ಕೆಲವು ವರ್ಷಗಳ ಹಿಂದೆ ಪರಸ್ಪರ ಯುದ್ಧದಲ್ಲಿದ್ದ ನಾಡುಗಳವರು ಒಂದೇ ಮೇಜಿನಲ್ಲಿ ಉಣ್ಣುವುದು ಪಠ್ಯಕ್ರಮದಲ್ಲಿ ಬರೆಯದ ಪಾಠವೆನ್ನಬಹುದು.

ಆದರೂ ಈ ವ್ಯವಸ್ಥೆಯ ಮಿತಿ ಸ್ಪಷ್ಟ. ಬೋಧನೆಯ ಭಾಷೆ ಇಂಗ್ಲಿಷ್. ಹೀಗಾಗಿ ಸಂಕಟ ಹೆಚ್ಚಿದ್ದ ಪ್ರದೇಶಗಳಿಂದಲೂ ಆ ಭಾಷೆ ಬಲ್ಲ, ಪ್ರಯಾಣಕ್ಕೆ ನೆರವು ಪಡೆದ ಕೆಲವರಿಗೆ ಮಾತ್ರ ಪ್ರವೇಶ ಸಾಧ್ಯವಿತ್ತು. 1934ರಲ್ಲಿ ಸ್ಥಾಪಿತವಾದ ಫ್ಲಾರೆನ್ಸ್ ನೈಟಿಂಗೇಲ್ ಅಂತಾರಾಷ್ಟ್ರೀಯ ಪ್ರತಿಷ್ಠಾನವು ತರಗತಿಯ ಹೊಣೆ ವಹಿಸಿಕೊಂಡ ಮೇಲೆ ಅಧ್ಯಾಪನ ಹಾಗೂ ಆಡಳಿತದಂತಹ ಉನ್ನತ ಶಿಕ್ಷಣದ ಗುರಿ ಬಲಗೊಂಡಿತು. ಆಪತ್ಕಾಲದ ತುರ್ತು ಅದರಲ್ಲಿ ಹಿಂದೆ ಸರಿಯಿತೆಂದೇ ತೋರುತ್ತದೆ. 1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾದಾಗ, ಇಂತಹ ದಾದಿಯರು ಅತ್ಯಂತ ಅಗತ್ಯವಾಗಿದ್ದ ಹೊತ್ತಿನಲ್ಲಿಯೇ, ತರಗತಿ ಸ್ಥಗಿತಗೊಂಡಿತು.